ಊರಿಗೆ ಹೊರಡುವ ಮುಂಚೆ ನೀರಿನ ವಾಲ್ವ್ ಮುಚ್ಚಿದ್ದೀರಾ?

ನಿಮ್ಮ ಮನೆ, ನಿಮ್ಮ ಪ್ರಶ್ನೆ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು. ಚಳಿ ಬಂತು, ಪೈಪಿನಲ್ಲಿ ನೀರು ಹೆಪ್ಪುಗಟ್ಟಿದರೆ ಏನು ಗತಿ ಅಂತ. ಅದಕ್ಕೇ ಈ ಸಂಚಿಕೆಯ ಪುಟಗಳನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ನಾನು ತೀರ್ಥಹಳ್ಳಿ ಕಡೆಯವಳು. ಇಪ್ಪತ್ಮೂರು ವರ್ಷದಿಂದ ಅಮೆರಿಕದ ಮಿನೆಸೋಟಾದಲ್ಲಿ, ಸೇಂಟ್ ಪಾಲ್ ಊರಿನ ಹತ್ತಿರ ಇದ್ದೇನೆ. ಮನೆ ಕೊಳ್ಳುವವರ ಪರವಾಗಿ ಹೋಗಿ, ತಳಪಾಯದಿಂದ ಸೂರಿನವರೆಗೆ ನೋಡಿ, ಎಲ್ಲಿ ಏನು ಸರಿಯಿಲ್ಲ ಅಂತ ಬರೆದುಕೊಡುವುದು ನನ್ನ ಕೆಲಸ.

ಪ್ರಶ್ನೆ: ಈ ಬೇಸಿಗೆಯಲ್ಲಿ ನಮ್ಮ ಮೊದಲ ಮನೆ ಕೊಂಡೆವು. ಡಿಸೆಂಬರ್ ಮೂರನೇ ವಾರ ಹಾಸನಕ್ಕೆ ಹೊರಟು, ಸಂಕ್ರಾಂತಿ ಮುಗಿಸಿ ಜನವರಿ ಕೊನೆಗೆ ವಾಪಸ್ ಬರುತ್ತೇವೆ. ಐದು ವಾರ ಮನೆ ಖಾಲಿ. ಗ್ಯಾಸ್ ಬಿಲ್ ಉಳಿಯಲಿ, ಹೀಟಿಂಗ್ 50 ಡಿಗ್ರಿ ಫ್ಯಾರನ್‌ಹೀಟಿಗೆ (10 ಸೆಲ್ಸಿಯಸ್) ಇಟ್ಟು ಹೋಗಿ ಅಂತ ಒಬ್ಬ ಸ್ನೇಹಿತರು ಹೇಳುತ್ತಾರೆ. ನೀರನ್ನೇ ಮುಚ್ಚಿ ಹೋಗಿ ಅಂತ ಇನ್ನೊಬ್ಬರು. ಯಾವುದು ಸರಿ?
(ನೇಪರ್‌ವಿಲ್, ಇಲಿನಾಯ್)

ಉತ್ತರ: ಎರಡನೆಯವರ ಮಾತು ಕೇಳಿ. ನೀರು ಮುಚ್ಚಿ ಹೋಗಿ. ಹೀಟಿಂಗನ್ನೂ 50ಕ್ಕೆ ಇಳಿಸಬೇಡಿ. ಯಾಕೆ ಇಷ್ಟು ಗಟ್ಟಿಯಾಗಿ ಹೇಳುತ್ತೇನೆ ಅಂದರೆ, ನಿಮ್ಮ ಮೊದಲನೆಯ ಸ್ನೇಹಿತರು ಹೇಳಿದ ಹಾಗೆ ನಾವು ಒಮ್ಮೆ ಮಾಡಿದ್ದೇವೆ.

2007ರ ಡಿಸೆಂಬರ್. ತಮ್ಮನ ಮದುವೆಗೆ ಊರಿಗೆ ಹೊರಟೆವು. ಖಾಲಿ ಮನೆಯನ್ನು ಯಾಕೆ ಸುಮ್ನೆ ಬೆಚ್ಚಗಿಡಬೇಕು ಅಂತ ಥರ್ಮೋಸ್ಟಾಟನ್ನು 50ಕ್ಕೆ ಇಳಿಸಿ, ಎಲ್ಲ ಕೋಣೆಗಳ ಬಾಗಿಲು ಹಾಕಿ ಬಂದೆವು. ಮದುವೆ ಚೆನ್ನಾಗಿ ಆಯಿತು. ಸಂಕ್ರಾಂತಿಯ ರಾತ್ರಿ, ಎಳ್ಳು ಬೀರಿ ಬಂದು ಕೂತಿದ್ದೇವೆ, ಎದುರು ಮನೆಯ ಅಜ್ಜನ ಫೋನು. ನಿಮ್ಮ ಗ್ಯಾರೇಜ್ ಬಾಗಿಲಿನ ಅಡಿಯಿಂದ ಐಸ್ ಹೊರಗೆ ಹರಿದು ಬಂದಿದೆ, ಮೇಣ ಕರಗಿ ಗಟ್ಟಿಯಾದ ಹಾಗಿದೆ ಅಂದರು. ಅವರ ಹತ್ತಿರ ನಮ್ಮ ಮನೆ ಬೀಗದ ಕೈ ಇರಲಿಲ್ಲ. ನಗರದ ನೀರಿನ ಕಚೇರಿಯಿಂದ ಒಬ್ಬರು ಬಂದು ರಸ್ತೆ ಬದಿಯ ವಾಲ್ವ್ ಮುಚ್ಚುವಷ್ಟರಲ್ಲಿ ಮಾರನೆಯ ದಿನ ಮಧ್ಯಾಹ್ನ.

ಆಗಿದ್ದು ಇಷ್ಟು. ಗ್ಯಾರೇಜಿನ ಮೇಲೆ ಒಂದು ಬಚ್ಚಲುಮನೆ. ಅದರ ಬೇಸಿನ್ನಿಗೆ ಹೋಗುವ ಪೈಪು ಹೊರಗೋಡೆಯ ಒಳಗಿತ್ತು. ನಾವು ಬಾಗಿಲು ಹಾಕಿದ್ದರಿಂದ ಮನೆಯ ಬಿಸಿ ಅಲ್ಲಿಗೆ ತಲುಪಲಿಲ್ಲ. ಹಾಲ್‌ನಲ್ಲಿ 50 ಡಿಗ್ರಿ ಇದ್ದರೂ ಆ ಗೋಡೆಯೊಳಗೆ ಅದಕ್ಕಿಂತ ಎಷ್ಟೋ ಕಮ್ಮಿ. ಚಳಿ ಜೋರಾದಾಗ ನೀರು ಗಡ್ಡೆ ಕಟ್ಟಿತು. ಆಮೇಲೆ ಎರಡು ದಿನ ಬಿಸಿಲು ಬಿತ್ತು. ಗಡ್ಡೆ ಕರಗಿತು. ಆಗ ಶುರುವಾಯಿತು ನೀರು.

ಆ ಪೈಪಿನ ತುಂಡು ನನ್ನ ಮೇಜಿನ ಡ್ರಾಯರ್‌ನಲ್ಲಿ ಈಗಲೂ ಇದೆ. ಗೇಣುದ್ದದ ಅರ್ಧ ಇಂಚಿನ ತಾಮ್ರದ ಪೈಪು. ಮಧ್ಯದಲ್ಲಿ ಸ್ವಲ್ಪ ಉಬ್ಬಿದೆ. ಆ ಉಬ್ಬಿನ ಮೇಲೆ ಹೆಬ್ಬೆರಳ ಉಗುರಿನಷ್ಟೇ ಉದ್ದದ ಒಂದು ಸೀಳು, ಎರಡೂ ಅಂಚು ಹೊರಕ್ಕೆ ಮಗುಚಿಕೊಂಡು ಮೀನಿನ ಬಾಯಿಯ ಹಾಗೆ. ಬೆರಳಿಟ್ಟರೆ ಚುರುಕ್ಕನೆ ತಾಗುತ್ತದೆ. ಅಷ್ಟು ಸಣ್ಣ ಸೀಳಿನಿಂದ ಅಡುಗೆಮನೆಯ ಚಾವಣಿ ಕುಸಿದು ಬಿದ್ದಿತ್ತು. ಮರದ ನೆಲ ಅಲೆ ಅಲೆಯಾಗಿ ಎದ್ದಿತ್ತು. ನೆಲ, ಚಾವಣಿಗೆ ವಿಮೆಯ ದುಡ್ಡು ಬಂತು. ಅಮ್ಮ ನನಗೆ ಮದುವೆಯಲ್ಲಿ ಕೊಟ್ಟಿದ್ದ ಅಡುಗೆ ಪುಸ್ತಕ, ಅವರೇ ನೀಲಿ ಶಾಯಿಯಲ್ಲಿ ಬರೆದದ್ದು, ಅಡುಗೆಮನೆಯ ಕಪಾಟಿನಲ್ಲಿತ್ತು. ಪುಟ ತೆರೆದರೆ ಬರೀ ನೀಲಿ. ಕಳಲೆ ಉಪ್ಪಿನಕಾಯಿಯ ಅಳತೆ ಈಗ ಯಾರನ್ನೂ ಕೇಳುವ ಹಾಗಿಲ್ಲ.

ಇದು ಹೇಗೆ ಆಗುತ್ತದೆ ಅಂತ ಒಮ್ಮೆ ತಿಳಿದರೆ ಏನು ಮಾಡಬೇಕು ಅನ್ನುವುದು ತಾನಾಗೇ ಹೊಳೆಯುತ್ತದೆ. ನೀರು ಮಂಜುಗಡ್ಡೆಯಾದಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ. ಗಾಜಿನ ಬಾಟಲಿ ಫ್ರೀಜರ್‌ನಲ್ಲಿ ಒಡೆಯುತ್ತದಲ್ಲ, ಹಾಗೆ ಗಡ್ಡೆಯೇ ಪೈಪನ್ನು ಒಡೆಯುತ್ತದೆ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಸಾಮಾನ್ಯವಾಗಿ ಹಾಗಲ್ಲ. ಪೈಪಿನ ಒಂದು ಜಾಗದಲ್ಲಿ ಗಡ್ಡೆ ಬಿರಡೆಯ ಹಾಗೆ ಕೂರುತ್ತದೆ. ಅದು ಬೆಳೆದಂತೆ, ಅದಕ್ಕೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಕೊಂಡ ನೀರಿಗೆ ಹೋಗಲು ದಾರಿಯಿಲ್ಲ. ಒತ್ತಡ ಏರುತ್ತಾ ಹೋಗಿ ಎಲ್ಲಿ ಪೈಪು ಬಡವೋ ಅಲ್ಲಿ ಸೀಳುತ್ತದೆ. ಸೀಳು ಗಡ್ಡೆ ಇದ್ದ ಕಡೆಯೇ ಇರಬೇಕೆಂದಿಲ್ಲ. ಗಡ್ಡೆ ಇರುವಷ್ಟು ಹೊತ್ತು ಅದೇ ನೀರನ್ನು ತಡೆದಿರುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಕರಗಿದ ಮೇಲೆ ನಗರದ ಪೂರೈಕೆಯ ಪೂರ್ತಿ ಒತ್ತಡ ಆ ಸೀಳಿನ ಮೇಲೆ.

ನಮ್ಮ ಕಡೆಯವರಿಗೆ ಇದರ ಅಂದಾಜು ಸಿಗದೇ ಇರುವುದಕ್ಕೆ ಒಂದು ಕಾರಣ ಇದೆ. ಹಾಸನದಲ್ಲಿ ಒಂದು ಪೈಪು ಒಡೆದರೆ ಮೇಲಿನ ಸಿಂಟೆಕ್ಸ್ ಟ್ಯಾಂಕು ಖಾಲಿಯಾಗುವವರೆಗೆ ನೀರು ಸುರಿಯುತ್ತದೆ. ಐನೂರು ಲೀಟರ್, ಸಾವಿರ ಲೀಟರ್, ಮುಗಿಯಿತು. ಇಲ್ಲಿ ಟ್ಯಾಂಕಿಲ್ಲ. ಊರಿನ ಪೈಪು ನೇರವಾಗಿ ಮನೆಯೊಳಗೆ ಬಂದಿದೆ. ಯಾರಾದರೂ ಬಂದು ಮುಚ್ಚುವ ತನಕ ದಿನಕ್ಕೆ ನೂರಾರು ಗ್ಯಾಲನ್ (ಒಂದು ಗ್ಯಾಲನ್ ಅಂದರೆ ಸುಮಾರು 3.8 ಲೀಟರ್) ಸುರಿಯುತ್ತಲೇ ಇರುತ್ತದೆ.

ಈಗ ಕೆಲಸದ ಮಾತು. ಈ ಶನಿವಾರವೇ ಬೇಸ್‌ಮೆಂಟಿಗೆ ಇಳಿದು ಮುಖ್ಯ ವಾಲ್ವ್ ಎಲ್ಲಿದೆ ನೋಡಿ. ಸಾಮಾನ್ಯವಾಗಿ ರಸ್ತೆ ಕಡೆಯ ಗೋಡೆಯ ಬಳಿ, ನೀರಿನ ಮೀಟರ್ ಪಕ್ಕದಲ್ಲಿ ಇರುತ್ತದೆ. ಹಿಡಿಕೆ ಉದ್ದಕ್ಕಿದ್ದರೆ ಅದನ್ನು ಪೈಪಿಗೆ ಅಡ್ಡ ತಿರುಗಿಸಿ, ಮುಚ್ಚಿತು. ಹಳೆಯ ಕಾಲದ ದುಂಡು ಚಕ್ರವಾದರೆ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗಿಸಬೇಕು. ಇವು ವರ್ಷಗಟ್ಟಲೆ ಮುಟ್ಟದೆ ಬಿಗಿದುಕೊಂಡಿರುತ್ತವೆ. ಜೋರು ಮಾಡಬೇಡಿ, ಮುರಿದರೆ ಅಲ್ಲೇ ನೀರು ಶುರುವಾಗುತ್ತದೆ. ಬಿಗಿಯಾಗಿದ್ದರೆ ಪ್ಲಂಬರ್ ಕರೆಸಿ ಬದಲಾಯಿಸಿ. ಹೊರಡುವ ದಿನ ಟ್ಯಾಕ್ಸಿ ಬಾಗಿಲಲ್ಲಿ ನಿಂತಾಗ ಇದನ್ನು ಕಂಡುಹಿಡಿಯುವ ಹಾಗೆ ಆಗಬಾರದು, ಅಲ್ವಾ?

ಹೊರಡುವಾಗ ಮುಖ್ಯ ವಾಲ್ವ್ ಮುಚ್ಚಿ, ಕೆಳಗಿನ ಬೇಸ್‌ಮೆಂಟ್ ಸಿಂಕಿನ ನಲ್ಲಿ ತೆರೆಯಿರಿ. ಆಮೇಲೆ ಮಹಡಿಯ ಮೇಲಿನ ನಲ್ಲಿಗಳನ್ನು, ಬಿಸಿ ತಣ್ಣನೆ ಎರಡನ್ನೂ. ಮೇಲಿಂದ ಗಾಳಿ ಒಳಗೆ ಹೋಗಿ ಕೆಳಗೆ ನೀರು ಇಳಿಯುತ್ತದೆ. ಟಾಯ್ಲೆಟ್ಟುಗಳನ್ನು ಒಮ್ಮೆ ಫ್ಲಶ್ ಮಾಡಿ. ವಾಟರ್ ಹೀಟರನ್ನು ವೆಕೇಶನ್ ಗುರುತಿಗೆ ತಿರುಗಿಸಿ. ಹತ್ತು ನಿಮಿಷದ ಕೆಲಸ. ಎರಡು ಎಚ್ಚರಿಕೆ: ನಿಮ್ಮ ಮನೆ ಬಿಸಿ ಗಾಳಿಯ ಬದಲು ಬಿಸಿನೀರಿನ ಬಾಯ್ಲರ್‌ನಿಂದ ಬೆಚ್ಚಗಾಗುವುದಾದರೆ, ಅಥವಾ ಚಾವಣಿಯಲ್ಲಿ ಬೆಂಕಿ ಆರಿಸುವ ಸ್ಪ್ರಿಂಕ್ಲರ್ ಇದ್ದರೆ, ತಿಳಿದವರನ್ನು ಕೇಳದೆ ನೀರು ಮುಚ್ಚಬೇಡಿ.

ಹೀಟಿಂಗ್ 55 ಡಿಗ್ರಿಗಿಂತ ಕೆಳಗೆ ಬೇಡ. ಅಂದರೆ ನಮ್ಮ ಲೆಕ್ಕದಲ್ಲಿ 13 ಸೆಲ್ಸಿಯಸ್. ಅಮೆರಿಕದ ರೆಡ್ ಕ್ರಾಸ್ ಹೇಳುವುದೂ ಇದೇ. ನಾನಾದರೆ 60ಕ್ಕೆ ಇಡುತ್ತೇನೆ. ನೀರು ಮುಚ್ಚಿದ ಮೇಲೂ ಹೀಟಿಂಗ್ ಯಾಕೆ ಅಂದರೆ, ಎಷ್ಟು ಇಳಿಸಿದರೂ ಪೈಪಿನ ಬಾಗುಗಳಲ್ಲಿ, ಟಾಯ್ಲೆಟ್ಟಿನ ಕೆಳಗೆ, ಬಟ್ಟೆ ಒಗೆಯುವ ಯಂತ್ರದೊಳಗೆ ಒಂದಿಷ್ಟು ನೀರು ಉಳಿದೇ ಇರುತ್ತದೆ. ಎಲ್ಲ ಕೋಣೆಗಳ ಬಾಗಿಲು ತೆರೆದಿಡಿ. ಸಿಂಕಿನ ಕೆಳಗಿನ ಕಪಾಟಿನ ಬಾಗಿಲೂ ತೆರೆದಿರಲಿ.

ಕೊನೆಗೆ, ಬೀಗದ ಕೈ. ನಂಬಿಕೆಯ ಒಬ್ಬರಿಗೆ ಕೊಟ್ಟು, ಮೂರು ನಾಲ್ಕು ದಿನಕ್ಕೊಮ್ಮೆ ಒಳಗೆ ಹೋಗಿ ಕಣ್ಣಾಡಿಸಲು ಹೇಳಿ. ಅವರನ್ನು ಕರೆದುಕೊಂಡು ಹೋಗಿ ವಾಲ್ವನ್ನು ತೋರಿಸಿ. ನಿಮ್ಮ ವಿಮೆಯ ಕಾಗದವನ್ನೂ ತೆಗೆದು ಓದಿ. ಖಾಲಿ ಮನೆಯಲ್ಲಿ ಪೈಪು ಒಡೆದರೆ, ಹೀಟಿಂಗ್ ಹಾಕಿಟ್ಟಿದ್ದಿರಾ ಅಥವಾ ನೀರು ಮುಚ್ಚಿ ಇಳಿಸಿದ್ದಿರಾ ಅಂತ ಕೇಳುವ ಷರತ್ತು ಅನೇಕ ವಿಮೆಗಳಲ್ಲಿ ಇರುತ್ತದೆ. ನಮ್ಮಿಂದ ಆ ತಿಂಗಳ ಗ್ಯಾಸ್ ಬಿಲ್ ಕೇಳಿ ತೆಗೆದುಕೊಂಡಿದ್ದರು.

ಪ್ರಶ್ನೆ: ನನಗೆ 68 ವರ್ಷ. ಹೋದ ಚಳಿಗಾಲದಲ್ಲಿ ಮೊಮ್ಮಗು ಹುಟ್ಟಿದಾಗ ಕೆನಡಾದ ಎಡ್ಮಂಟನ್‌ನಲ್ಲಿ ಮಗನ ಮನೆಯಲ್ಲಿದ್ದೆ. ರಾತ್ರಿಯೆಲ್ಲ ಅಡುಗೆಮನೆಯ ನಲ್ಲಿಯನ್ನು ತೊಟ್ಟಿಕ್ಕುವ ಹಾಗೆ ಬಿಡುತ್ತಿದ್ದ. ನಾನು ಎದ್ದು ಮುಚ್ಚುತ್ತಿದ್ದೆ. ಅವನು ಮತ್ತೆ ತೆರೆಯುತ್ತಿದ್ದ. ಮಾತಿಗೆ ಮಾತು ಬೆಳೆದು ನನಗೆ ಬೇಸರವಾಯಿತು. ಹನಿ ಹನಿ ನೀರಿಗೂ ಲೆಕ್ಕ ಇಟ್ಟು ಬದುಕಿದವಳು ನಾನು. ಈ ವರ್ಷ ಮತ್ತೆ ಹೋಗುತ್ತಿದ್ದೇನೆ. ನೀರು ಹಾಗೆ ಬಿಡುವುದು ನಿಜವಾಗಿ ಬೇಕಾ?
(ಮೈಸೂರು)

ಉತ್ತರ: ಅಮ್ಮಾ, ನೀವು ಮುಚ್ಚಿದ್ದೂ ಸರಿ, ಅವರು ತೆರೆದದ್ದೂ ಸರಿ. ಮೈಸೂರಿನಲ್ಲಿ ಬೆಳಗಿನ ಜಾವ ನೀರು ಬಂದಾಗ ಎದ್ದು ಕೊಡ, ಹಂಡೆ, ಡ್ರಮ್ಮು ತುಂಬಿಸಿದ ಕೈಗೆ ತೊಟ್ಟಿಕ್ಕುವ ನಲ್ಲಿ ನೋಡಿಕೊಂಡು ಮಲಗಲು ಆಗುವುದಿಲ್ಲ. ನನಗೂ ಆಗುತ್ತಿರಲಿಲ್ಲ.

ತೊಟ್ಟಿಕ್ಕುವ ನಲ್ಲಿ ಎರಡು ಉಪಕಾರ ಮಾಡುತ್ತದೆ. ಚಲಿಸುವ ನೀರಿನ ಜೊತೆಗೆ ನೆಲದೊಳಗಿನ ಪೈಪಿನಿಂದ ಸ್ವಲ್ಪ ಬೆಚ್ಚನೆಯ ನೀರು ಬರುತ್ತಾ ಇರುತ್ತದೆ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಹಾಗೂ ಗಡ್ಡೆ ಕಟ್ಟಿಬಿಟ್ಟರೆ, ಸಿಕ್ಕಿಕೊಂಡ ನೀರಿಗೆ ನಲ್ಲಿಯ ಕಡೆಯಿಂದ ಹೊರಗೆ ಬರಲು ದಾರಿ ಇರುತ್ತದೆ. ಒತ್ತಡ ಏರುವುದಿಲ್ಲ. ಪೈಪು ಒಡೆಯುವುದಿಲ್ಲ. ಎಡ್ಮಂಟನ್‌ನಲ್ಲಿ ಸೊನ್ನೆಗಿಂತ 30 ಸೆಲ್ಸಿಯಸ್ ಕೆಳಗೆ ಹೋಗುವ ರಾತ್ರಿಗಳು ಇವೆ. ಅಂಥ ರಾತ್ರಿ ನಿಮ್ಮ ಮಗ ಮಾಡಿದ್ದು ಆ ಮಗುವಿನ ಮನೆಯನ್ನು ಕಾಪಾಡುವ ಕೆಲಸ.

ಆದರೆ ಎಲ್ಲ ನಲ್ಲಿಯನ್ನೂ, ಚಳಿಗಾಲ ಪೂರ್ತಿ ಬಿಡಬೇಕಾಗಿಲ್ಲ. ಹೊರಗೋಡೆಗೆ ತಾಗಿದ ನಲ್ಲಿ ಮಾತ್ರ, ಚಳಿ ವಿಪರೀತವಾದ ರಾತ್ರಿ ಮಾತ್ರ. ಕೆಳಗೆ ಒಂದು ಬಕೆಟ್ ಇಡಿ. ನಮ್ಮ ಮನೆಯಲ್ಲಿ ಬೇಗ ಬೇಗ ಬೀಳುವ ಹನಿ ಬಿಟ್ಟರೆ ಬೆಳಗ್ಗೆ ಹೊತ್ತಿಗೆ ಸಣ್ಣ ಬಕೆಟ್ಟಿನ ಅರ್ಧ ತುಂಬಿರುತ್ತದೆ. ಅದು ಕುಡಿಯುವ ನೀರೇ. ಬೇಳೆ ತೊಳೆಯಿರಿ, ಗಿಡಕ್ಕೆ ಹಾಕಿ, ನೆಲ ಒರೆಸಿ.

ನಿಜವಾದ ಪರಿಹಾರ ಬೇರೆ ಇದೆ. ಅದನ್ನು ಮಗನ ಹತ್ತಿರ ನೀವೇ ಮಾಡಿಸಬಹುದು. ನಾನು ಮನೆ ನೋಡಲು ಹೋಗುವಾಗ ನನ್ನ ಬ್ಯಾಗಿನಲ್ಲಿ ಟಾರ್ಚಿನ ಜೊತೆ ಒಂದು ಊದಿನಕಡ್ಡಿಯ ಪೊಟ್ಟಣ ಇರುತ್ತದೆ. ಗಾಳಿ ಬೀಸುವ ದಿನ ಸಿಂಕಿನ ಕೆಳಗಿನ ಕಪಾಟು ಖಾಲಿ ಮಾಡಿ, ಒಂದು ಊದಿನಕಡ್ಡಿ ಹಚ್ಚಿ, ಪೈಪು ಗೋಡೆಯೊಳಗೆ ಹೋಗುವ ತೂತಿನ ಹತ್ತಿರ ಹಿಡಿಯಿರಿ. ಹೊಗೆ ನೆಟ್ಟಗೆ ಮೇಲೆ ಹೋದರೆ ಸರಿ. ಒಮ್ಮೆಲೇ ಒಳಕ್ಕೆ ಬಾಗಿ, ನಿಮ್ಮ ಮುಖದ ಕಡೆಗೆ ಬಂದರೆ ಅಲ್ಲಿಂದ ಹೊರಗಿನ ಗಾಳಿ ನುಗ್ಗುತ್ತಿದೆ ಅಂತ. ತೂತು ಬೆರಳಿನಷ್ಟೇ ಇರಲಿ, ಚೂಪು ಗಾಳಿ ಒಂದೇ ಜಾಗದಲ್ಲಿ ರಾತ್ರಿಯಿಡೀ ಪೈಪಿಗೆ ಬಡಿದರೆ ಅಲ್ಲೇ ಗಡ್ಡೆ ಕೂರುತ್ತದೆ. ಗುರುತು ಹಾಕಿ, ಕಡ್ಡಿ ಆರಿಸಿ, ಆ ಸಂದನ್ನು ಮುಚ್ಚಿಸಿ. ಅಂಗಡಿಯಲ್ಲಿ ಉಬ್ಬುವ ಫೋಮಿನ ಡಬ್ಬಿ ಸಿಗುತ್ತದೆ. ಆ ಫೋಮಿಗೆ ಬೆಂಕಿ ಬೇಗ ತಗಲುತ್ತದೆ, ಹಾಗಾಗಿ ಊದಿನಕಡ್ಡಿ ಪೂರ್ತಿ ಆರಿದ ಮೇಲೇ ಅದನ್ನು ಕೈಗೆತ್ತಿಕೊಳ್ಳಲಿ. ನಾನು ನೋಡಿದ ಎಷ್ಟೋ ಮನೆಗಳಲ್ಲಿ ಈ ಒಂದು ಕೆಲಸ ಆದ ಮೇಲೆ ನಲ್ಲಿ ತೊಟ್ಟಿಕ್ಕಿಸುವ ಅಗತ್ಯವೇ ಬಿದ್ದಿಲ್ಲ.

ಪ್ರಶ್ನೆ: 2021ರ ಫೆಬ್ರವರಿಯಲ್ಲಿ ನಾವು ಇಲ್ಲೇ ಇದ್ದೆವು. ಮೂರು ದಿನ ಕರೆಂಟಿಲ್ಲ. ಅಟ್ಟದ ಪೈಪು ಒಡೆದು ಮಕ್ಕಳ ಕೋಣೆ ಹಾಳಾಯಿತು. ಈಗ ಪ್ರತಿ ವರ್ಷ ಫೆಬ್ರವರಿ ಬಂದರೆ ಎದೆ ಡವಡವ ಅನ್ನುತ್ತದೆ. ನಲ್ಲಿ ತೊಟ್ಟಿಕ್ಕುವ ಹಾಗೆ ಬಿಟ್ಟಿದ್ದೆವು, ಆದರೂ ಒಡೆಯಿತು. ಯಾಕೆ?
(ಪ್ಲೇನೋ, ಟೆಕ್ಸಾಸ್)

ಉತ್ತರ: ಆ ವಾರವನ್ನು ದಾಟಿ ಬಂದವರು ನೀವು. ಭಯ ಇರುವುದು ಸಹಜ. 2021ರ ಫೆಬ್ರವರಿ 16ರಂದು ಡಲ್ಲಾಸ್ ವಿಮಾನ ನಿಲ್ದಾಣದಲ್ಲಿ ಸೊನ್ನೆಗಿಂತ 19 ಸೆಲ್ಸಿಯಸ್ ಕೆಳಗೆ ಹೋಗಿತ್ತು. ಟೆಕ್ಸಾಸ್‌ನಲ್ಲಿ 40 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ಕರೆಂಟ್ ಇರಲಿಲ್ಲ. ಅದೇ ವಾರ ಕೋಟಿಗೂ ಹೆಚ್ಚು ಜನರ ನೀರಿನ ಪೂರೈಕೆಗೆ ತೊಂದರೆಯಾಯಿತು. ನಿಮ್ಮ ಪ್ರಶ್ನೆಗೆ ಉತ್ತರ ಬಹುಶಃ ಇಲ್ಲೇ ಇದೆ. ಊರಿನ ನೀರಿನ ಒತ್ತಡವೇ ಬಿದ್ದುಹೋದಾಗ ನಲ್ಲಿಯಲ್ಲಿ ಹನಿ ಬರುವುದು ನಿಲ್ಲುತ್ತದೆ. ಮನೆಯೂ ತಣ್ಣಗೆ, ನೀರೂ ನಿಂತಲ್ಲೇ. ಒಂದು ನಲ್ಲಿ ಬಿಟ್ಟು, ಅಟ್ಟದ ಬೇರೊಂದು ಕವಲಿನ ನಲ್ಲಿ ಮುಚ್ಚಿದ್ದರೂ ಆ ಕವಲು ಒಡೆಯುತ್ತದೆ.

ನಮ್ಮ ಮಿನೆಸೋಟಾದಲ್ಲಿ 2019ರ ಜನವರಿ 30ರಂದು ಮಿನಿಯಾಪೊಲಿಸ್‌ನಲ್ಲಿ ಸೊನ್ನೆಗಿಂತ 33 ಸೆಲ್ಸಿಯಸ್ ಕೆಳಗಿತ್ತು. ಆದರೂ ಹೆಚ್ಚಿನ ಮನೆಗಳಿಗೆ ಏನೂ ಆಗಲಿಲ್ಲ. ಇಲ್ಲಿ ಮನೆ ಕಟ್ಟುವಾಗಲೇ ಪೈಪುಗಳನ್ನು ಮನೆಯ ಒಳಭಾಗದಲ್ಲಿ, ಬೇಸ್‌ಮೆಂಟಿನಲ್ಲಿ ಎಳೆಯುತ್ತಾರೆ. ನಿಮ್ಮ ಕಡೆ ಬೇಸ್‌ಮೆಂಟ್ ಇಲ್ಲ, ಎಷ್ಟೋ ಮನೆಗಳಲ್ಲಿ ಪೈಪು ಅಟ್ಟದ ಮೇಲೆ ಹೋಗುತ್ತದೆ. ಇಲಿನಾಯ್ ವಿಶ್ವವಿದ್ಯಾಲಯದವರು ಇಂಥ ಅಟ್ಟದ ಪೈಪುಗಳ ಮೇಲೆ ಪರೀಕ್ಷೆ ಮಾಡಿ ಹೇಳಿದ ಅಂಕಿ 20 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸೊನ್ನೆಗಿಂತ 7 ಸೆಲ್ಸಿಯಸ್ ಕೆಳಗೆ. ಹೊರಗೆ ಅಷ್ಟಕ್ಕೆ ಇಳಿಯಿತು ಅಂದರೆ ಹೊದಿಕೆಯಿಲ್ಲದ ಪೈಪಿನ ಬಗ್ಗೆ ಎಚ್ಚರವಾಗಿರಬೇಕು.

ಒಂದು ಒಳ್ಳೆಯ ಹಗಲು ಟಾರ್ಚ್ ಹಿಡಿದು ಅಟ್ಟ ಹತ್ತಿ. ಅಲ್ಲಿ ಹತ್ತಿಯಂಥ ಶಾಖನಿರೋಧಕ ಹಾಸಿರುತ್ತಾರೆ. ಪೈಪು ಅದರ ಕೆಳಗಿದೆಯೋ ಮೇಲಿದೆಯೋ ನೋಡಿ. ಕೆಳಗಿದ್ದರೆ ಮನೆಯ ಬಿಸಿ ಅದಕ್ಕೆ ಸಿಗುತ್ತದೆ, ಪೈಪು ಹೊದ್ದು ಮಲಗಿದೆ ಅಂತ. ಮೇಲಿದ್ದರೆ ಬಯಲಿನಲ್ಲಿ ಮಲಗಿದ ಹಾಗೆ. ಅದರ ಮೇಲೂ ಧಾರಾಳವಾಗಿ ಹಾಸಿ, ಪೈಪಿನ ಕೆಳಗಿನದನ್ನು ಸರಿಸಿ. ಗೋಡೆಯಲ್ಲೂ ಇದೇ ನ್ಯಾಯ. ಹೊದಿಕೆ ಇರಬೇಕಾದ್ದು ಪೈಪಿಗೂ ಹೊರಗಿನ ಚಳಿಗೂ ನಡುವೆ, ಪೈಪಿಗೂ ಕೋಣೆಗೂ ನಡುವೆ ಅಲ್ಲ. ಇದನ್ನು ಉಲ್ಟಾ ಮಾಡಿದ ಮನೆಗಳನ್ನು ನಾನು ಎಷ್ಟೋ ನೋಡಿದ್ದೇನೆ.

ಪೈಪಿಗೆ ತೊಡಿಸುವ ಫೋಮಿನ ಕೊಳವೆ ಅಗ್ಗ, ಹಾಕಿಸಿ. ಆದರೆ ಅದನ್ನೇ ನಂಬಿ ಕೂರಬೇಡಿ. ಅದು ತಾನಾಗಿ ಬಿಸಿ ಕೊಡುವುದಿಲ್ಲ. ಕಲ್ಲಿಗೆ ಕಂಬಳಿ ಹೊದಿಸಿದರೆ ಕಲ್ಲು ಬೆಚ್ಚಗಾಗುತ್ತದೆಯೇ? ಗಡ್ಡೆ ಕಟ್ಟುವುದನ್ನು ಕೆಲವು ಗಂಟೆ ಮುಂದಕ್ಕೆ ಹಾಕುತ್ತದೆ, ಒಂದು ರಾತ್ರಿಯ ಚಳಿಗೆ ಅದು ಸಾಕಾಗಬಹುದು. ಮೂರು ದಿನ ಕರೆಂಟ್ ಇಲ್ಲದಿದ್ದರೆ ಸಾಲದು.

ಹಾಗಾಗಿ ಕರೆಂಟ್ ಹೋದ ದಿನಕ್ಕೆ ಬೇರೆ ಲೆಕ್ಕ. ಮನೆ ಇನ್ನೂ ಬೆಚ್ಚಗಿರುವಾಗಲೇ ಬಕೆಟ್, ಪಾತ್ರೆ, ಸ್ನಾನದ ತೊಟ್ಟಿ ತುಂಬಿಸಿಕೊಳ್ಳಿ. ಆಮೇಲೆ ಮನೆಯ ಮುಖ್ಯ ವಾಲ್ವ್ ಮುಚ್ಚಿ, ಎಲ್ಲ ನಲ್ಲಿ ತೆರೆದು ಪೈಪು ಖಾಲಿ ಮಾಡಿ. ಖಾಲಿ ಪೈಪು ಒಡೆಯುವುದಿಲ್ಲ. ನಿಮ್ಮ ಕಡೆ ಎಷ್ಟೋ ಮನೆಗಳಲ್ಲಿ ವಾಲ್ವ್ ರಸ್ತೆ ಬದಿಯ ಮೀಟರ್ ಪೆಟ್ಟಿಗೆಯೊಳಗೆ ಇರುತ್ತದೆ, ಅದಕ್ಕೆ ಉದ್ದ ಹಿಡಿಯ ಒಂದು ಕೀಲಿ ಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಈಗಲೇ ತಂದಿಡಿ. ಟ್ಯಾಂಕಿಲ್ಲದ ವಾಟರ್ ಹೀಟರ್ ಹೊರಗೋಡೆಗೆ ಇದ್ದರೆ, ಚಳಿಯಿಂದ ಅದನ್ನು ಕಾಯುವ ಒಳಗಿನ ಹೀಟರ್ ಕರೆಂಟ್ ಇಲ್ಲದೆ ಕೆಲಸ ಮಾಡುವುದಿಲ್ಲ. ಅದನ್ನೂ ಬರಿದು ಮಾಡುವುದು ಹೇಗೆ ಅಂತ ಒಮ್ಮೆ ಪ್ಲಂಬರ್ ಹತ್ತಿರ ಕೈಯಾರೆ ಕಲಿತುಕೊಳ್ಳಿ.

ಇನ್ನೊಂದನ್ನು ದಯವಿಟ್ಟು ನೆನಪಿಡಿ. ಮನೆ ಬೆಚ್ಚಗಾಗಲಿ ಅಂತ ಒಳಗೆ ಇದ್ದಿಲು ಹಚ್ಚಬೇಡಿ, ಗ್ಯಾಸ್ ಒಲೆ ಉರಿಸಿಡಬೇಡಿ, ಗ್ಯಾರೇಜಿನಲ್ಲಿ ಕಾರು ಚಾಲೂ ಇಟ್ಟು ಕೂರಬೇಡಿ. ಆ ವಾರ ಹೀಗೆ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿಯಿಂದ ಜೀವ ಕಳೆದುಕೊಂಡವರಿದ್ದಾರೆ. ಪೈಪು ಒಡೆದರೆ ಹೊಸದು ಹಾಕಿಸಬಹುದು.

ಪ್ರಶ್ನೆ: ಬಾಡಿಗೆ ಮನೆಯಲ್ಲಿದ್ದೇವೆ. ಒಂದು ಬೆಳಗ್ಗೆ ಬಚ್ಚಲಿನ ನಲ್ಲಿ ತಿರುಗಿಸಿದರೆ ನೀರೇ ಇಲ್ಲ, ಉಳಿದ ಕಡೆ ಬರುತ್ತಿತ್ತು. ನಮ್ಮ ಭಾವ ಬೆಸುಗೆ ಹಾಕುವ ಟಾರ್ಚ್ ತಂದು ಕಾಯಿಸೋಣ ಅಂದರು. ಅಷ್ಟರಲ್ಲಿ ತಾನಾಗೇ ನೀರು ಬಂತು. ಮುಂದಿನ ಸಲ ಹೀಗಾದರೆ ಏನು ಮಾಡಲಿ?
(ಹ್ಯಾರಿಸ್‌ಬರ್ಗ್, ಪೆನ್ಸಿಲ್ವೇನಿಯಾ)

ಉತ್ತರ: ಟಾರ್ಚನ್ನು ಭಾವನ ಮನೆಯಲ್ಲೇ ಇಡಲು ಹೇಳಿ. ಇಲ್ಲಿನ ಮನೆಗಳ ಗೋಡೆಯೊಳಗೆ ಇರುವುದು ಮರ, ಕಾಗದ, ಹತ್ತಿಯಂಥ ಹೊದಿಕೆ. ಪೈಪು ಕಾಯಿಸಲು ಹೋಗಿ ಮನೆ ಸುಟ್ಟವರಿದ್ದಾರೆ. ಉರಿಯುವ ಯಾವುದೂ ಬೇಡ.

ಒಂದೇ ನಲ್ಲಿಯಲ್ಲಿ ನೀರಿಲ್ಲ ಅಂದರೆ ಗಡ್ಡೆ ಆ ನಲ್ಲಿಯ ಕವಲಿನಲ್ಲೇ ಇದೆ. ಮೊದಲು ಮುಖ್ಯ ವಾಲ್ವ್ ಎಲ್ಲಿದೆ ಅಂತ ಖಚಿತ ಮಾಡಿಕೊಂಡು ಒಬ್ಬರನ್ನು ಅದರ ಹತ್ತಿರ ನಿಲ್ಲಿಸಿ. ಪೈಪು ಆಗಲೇ ಸೀಳಿದ್ದರೆ ಕರಗಿದ ಕ್ಷಣ ನೀರು ನುಗ್ಗುತ್ತದೆ. ಆಮೇಲೆ ಆ ನಲ್ಲಿಯನ್ನು ತೆರೆದಿಡಿ. ಸಿಂಕಿನ ಕೆಳಗೆ ಕೈ ಹಾಕಿ ಪೈಪಿನುದ್ದಕ್ಕೂ ಸವರುತ್ತಾ ಹೋಗಿ. ಒಂದು ಕಡೆ ಉಳಿದದ್ದಕ್ಕಿಂತ ಕೊರೆಯುವಷ್ಟು ತಣ್ಣಗಿರುತ್ತದೆ, ಕೆಲವು ಸಲ ಮೇಲೆ ಬಿಳಿ ಹಿಮ ಕೂತಿರುತ್ತದೆ. ತಲೆಗೂದಲು ಒಣಗಿಸುವ ಡ್ರೈಯರ್ ಹಿಡಿದು ನಲ್ಲಿಯ ಕಡೆಯಿಂದ ಶುರು ಮಾಡಿ, ನಿಧಾನವಾಗಿ ಗಡ್ಡೆಯ ಕಡೆಗೆ ಹೋಗಿ. ಕರಗಿದ ನೀರಿಗೆ, ಹಬೆಗೆ ಹೊರಗೆ ಬರಲು ದಾರಿ ಇರಬೇಕು, ಅದಕ್ಕೇ ಆ ಕಡೆಯಿಂದ. ನೆಲದ ಮೇಲೆ ನೀರು ನಿಂತಿದ್ದರೆ ಕರೆಂಟಿನ ಯಾವುದನ್ನೂ ಹಿಡಿಯಬೇಡಿ, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲ್ ಸುತ್ತಿ. ತಣ್ಣಗಾದ ಹಾಗೆ ಬದಲಿಸುತ್ತಾ ಇರಿ. ಅರ್ಧ ಗಂಟೆ, ಒಂದು ಗಂಟೆ ಹಿಡಿಯಬಹುದು. ಮೊದಲು ಗೊರ ಗೊರ ಸದ್ದು, ಆಮೇಲೆ ಉಗುಳಿದ ಹಾಗೆ ನೀರು, ಆಮೇಲೆ ಧಾರೆ. ಪೂರ್ತಿ ಒತ್ತಡ ಬರುವ ತನಕ ಬಿಡಬೇಡಿ. ಗಡ್ಡೆ ಗೋಡೆಯೊಳಗೆ ಕೈಗೆ ಸಿಗದ ಕಡೆ ಇದ್ದರೆ, ಕೋಣೆಯ ಬಿಸಿ ಏರಿಸಿ, ಮನೆ ಮಾಲೀಕರಿಗೆ ಫೋನ್ ಮಾಡಿ. ಈ ಸಲ ತಾನಾಗೇ ಬಂತಲ್ಲ, ಆ ವಿಷಯವನ್ನೂ ಅವರಿಗೆ ಬರೆದು ತಿಳಿಸಿ. ಒಮ್ಮೆ ಹೆಪ್ಪುಗಟ್ಟಿದ ಜಾಗ ಮತ್ತೆ ಹೆಪ್ಪುಗಟ್ಟುತ್ತದೆ.

ಪ್ರಶ್ನೆ: ಹೊರಗಿನ ತೋಟದ ನಲ್ಲಿ ಹೆಪ್ಪುಗಟ್ಟದ ಜಾತಿಯದು ಅಂತ ಮನೆ ಮಾರಿದವರು ಹೇಳಿದ್ದರು. ಆದರೂ ವಸಂತದಲ್ಲಿ ತೆರೆದಾಗ ಬೇಸ್‌ಮೆಂಟಿನೊಳಗೆ ನೀರು ಸುರಿಯಿತು.
(ಡೆಟ್ರಾಯ್ಟ್ ಹತ್ತಿರ)

ಉತ್ತರ: ಹೋಸ್ ಪೈಪು ಬಿಚ್ಚದೆ ಹಾಗೇ ಬಿಟ್ಟಿದ್ದಿರಾ? ಆ ನಲ್ಲಿಯ ಉದ್ದ ಕಾಂಡ ಗೋಡೆ ದಾಟಿ ಬೆಚ್ಚಗಿನ ಕಡೆಗೆ ಹೋಗಿ ಅಲ್ಲಿ ನೀರನ್ನು ಮುಚ್ಚುತ್ತದೆ. ಮುಚ್ಚಿದ ಮೇಲೆ ಕಾಂಡದೊಳಗಿನ ನೀರು ಹೊರಗೆ ಇಳಿದುಹೋಗಬೇಕು. ಹೋಸ್ ಸಿಕ್ಕಿಸಿದ್ದರೆ ಇಳಿಯುವುದಿಲ್ಲ, ಅಲ್ಲೇ ಗಡ್ಡೆ ಕಟ್ಟಿ ಕಾಂಡ ಸೀಳುತ್ತದೆ. ದಸರಾ ಗೊಂಬೆ ಎತ್ತಿಡುವ ದಿನ ಹೋಸನ್ನೂ ಬಿಚ್ಚಿ ಒಳಗಿಡಿ. ನಾನು ಹಾಗೇ ನೆನಪಿಟ್ಟುಕೊಂಡಿದ್ದೇನೆ.

ಪ್ರಶ್ನೆ: ನಮ್ಮ ದೇಶದಲ್ಲಿ ಈ ತೊಂದರೆ ಇಲ್ಲ ಅಲ್ವಾ?
(ಧಾರವಾಡ)

ಉತ್ತರ: ಕರ್ನಾಟಕದಲ್ಲಿ ಇಲ್ಲ. ಕಾಶ್ಮೀರ, ಲಡಾಖ್, ಹಿಮಾಚಲದ ಮೇಲಿನ ಊರುಗಳಲ್ಲಿ ಪ್ರತಿ ವರ್ಷ ಇದೆ. ಡಿಸೆಂಬರ್ 21ರಿಂದ ಸುಮಾರು 40 ದಿನವನ್ನು ಕಾಶ್ಮೀರಿಗಳು ಚಿಲ್ಲಾಯ್ ಕಲಾನ್ ಅನ್ನುತ್ತಾರೆ. ಆಗ ಶ್ರೀನಗರದಲ್ಲಿ ಬೆಳಗ್ಗೆ ನಲ್ಲಿಗಳು ಗಟ್ಟಿಯಾಗಿರುತ್ತವೆ. ಅಲ್ಲಿ ಕೆಲಸಕ್ಕೆ ಹೋಗಿರುವ, ಸೈನ್ಯದಲ್ಲಿರುವ ನಮ್ಮವರು ಬಾಡಿಗೆ ಮನೆ ನೋಡುವಾಗ ಇಷ್ಟು ಕೇಳಿ: ಪೈಪಿನ ಅತಿ ತಗ್ಗಿನ ಜಾಗದಲ್ಲಿ ನೀರು ಇಳಿಸುವ ಒಂದು ನಲ್ಲಿ ಇದೆಯೇ? ಇದ್ದರೆ ಸಂಜೆ ಬೇಕಾದಷ್ಟು ಹಿಡಿದಿಟ್ಟು, ಮೇಲಿನ ಟ್ಯಾಂಕಿನ ವಾಲ್ವ್ ಮುಚ್ಚಿ, ರಾತ್ರಿಗೆ ಪೈಪು ಬರಿದು ಮಾಡಿ ಮಲಗಬಹುದು.

ಪ್ರಶ್ನೆ: ನನಗೆ 11 ವರ್ಷ. ಅಮ್ಮ ಓದಿ ಹೇಳುತ್ತಾಳೆ, ನಾನು ಕೇಳುತ್ತೇನೆ. ಮನೆಯೊಳಗಿನ ಪೈಪೇ ಹೆಪ್ಪುಗಟ್ಟುತ್ತದೆ ಅಂದರೆ ನಮ್ಮ ರಸ್ತೆಯ ಅಡಿಯ ಪೈಪು ಯಾಕೆ ಹೆಪ್ಪುಗಟ್ಟುವುದಿಲ್ಲ?
(ರಾಚೆಸ್ಟರ್, ಮಿನೆಸೋಟಾ)

ಉತ್ತರ: ಪುಟ್ಟಾ, ಬಲು ಒಳ್ಳೆಯ ಪ್ರಶ್ನೆ. ಚಳಿ ಮೇಲಿನಿಂದ ಮಣ್ಣಿನೊಳಗೆ ನಿಧಾನವಾಗಿ ಇಳಿಯುತ್ತದೆ, ವಾರಕ್ಕೆ ಕೆಲವೇ ಇಂಚು. ನಮ್ಮ ರಾಜ್ಯದ ದಕ್ಷಿಣದಲ್ಲಿ ಮನೆಯ ತಳಪಾಯ ಕಡೇ ಪಕ್ಷ 42 ಇಂಚು ಆಳ ಇರಬೇಕು, ಉತ್ತರದಲ್ಲಿ 60 ಇಂಚು ಅಂತ ನಿಯಮ. ಮಣ್ಣು ಹೆಪ್ಪುಗಟ್ಟಿ ತಳಪಾಯವನ್ನು ಎತ್ತಬಾರದು ಅಂತ. ರಸ್ತೆಯ ನೀರಿನ ಪೈಪನ್ನು ಅದಕ್ಕಿಂತ ಆಳದಲ್ಲಿ, ನಿನ್ನ ಅಪ್ಪ ನಿಂತರೂ ತಲೆ ಕಾಣದಷ್ಟು ಕೆಳಗೆ ಹೂಳುತ್ತಾರೆ.

ಆದರೂ ಕೆಲವು ವರ್ಷ ಚಳಿ ಅಲ್ಲಿಗೂ ಮುಟ್ಟುತ್ತದೆ. 2014ರಲ್ಲಿ ಹಾಗಾಯಿತು. ರಸ್ತೆಯಿಂದ ಮನೆಗೆ ಬರುವ ಸಣ್ಣ ಪೈಪುಗಳು ನೆಲದೊಳಗೇ ಹೆಪ್ಪುಗಟ್ಟಿದವು. ತಮಾಷೆ ಅಂದರೆ ಅದು ಜೋರು ಚಳಿಯ ಜನವರಿಗಿಂತ ಫೆಬ್ರವರಿ, ಮಾರ್ಚ್‌ನಲ್ಲೇ ಜಾಸ್ತಿ. ಮೇಲೆ ಬಿಸಿಲು ಬಂದಾಗಲೂ ಕೆಳಗೆ ಇಳಿದ ಚಳಿ ಇನ್ನೂ ಕೆಳಗೆ ಇಳಿಯುತ್ತಲೇ ಇತ್ತು.

ನೀನೇ ಒಂದು ಪರೀಕ್ಷೆ ಮಾಡು. ಜನವರಿಯಿಂದ ಪ್ರತಿ ಭಾನುವಾರ ಬೆಳಗ್ಗೆ ತಣ್ಣೀರಿನ ನಲ್ಲಿಯನ್ನು ಎರಡು ನಿಮಿಷ ಬಿಡು. ಸುಮ್ನೆ ಚೆಲ್ಲಬೇಡ, ಬಕೆಟ್ಟಿನಲ್ಲಿ ಹಿಡಿ. ಆಮೇಲೆ ಒಂದು ಲೋಟ ನೀರು ಹಿಡಿದು ಅಡುಗೆಮನೆಯ ಥರ್ಮಾಮೀಟರ್ ಅದ್ದಿ ಅಂಕಿ ಬರೆದುಕೋ. ಆ ನೀರು ರಸ್ತೆಯ ಅಡಿಯಿಂದ ಆಗ ತಾನೇ ಬಂದದ್ದು, ಅಲ್ಲಿನ ಸುದ್ದಿ ಹೇಳುತ್ತದೆ. ವಾರದಿಂದ ವಾರಕ್ಕೆ ಇಳಿಯುತ್ತಾ 35 ಡಿಗ್ರಿ ಫ್ಯಾರನ್‌ಹೀಟ್ ಹತ್ತಿರ ಬಂದರೆ ಅಮ್ಮನಿಗೆ ಹೇಳು, ಅವರು ನಗರದ ನೀರಿನ ಕಚೇರಿಗೆ ಫೋನ್ ಮಾಡಲಿ. ಮಾರ್ಚ್ ಮುಗಿದ ಮೇಲೆ ನೀನು ಬರೆದ ಅಂಕಿಗಳನ್ನೆಲ್ಲ ನನಗೆ ಕಳಿಸು. ನಮ್ಮ ಮನೆಯ ನಲ್ಲಿಯದನ್ನು ನಾನೂ ಬರೆದಿಟ್ಟಿರುತ್ತೇನೆ.